ಉತ್ತರಕುಮಾರನಿಗೆ ಎಷ್ಟು ಹಿಟ್ ಪಾಯಿಂಟ್?

1986ರಲ್ಲಿ ಜಪಾನಿನಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೊ ಗೇಮ್ ಬಂತು. ಅದರಲ್ಲಿ ನಾಯಕ ಸತ್ತರೆ ಆಟ ಮುಗಿಯುವುದಿಲ್ಲ. ಅವನು ಸೀದಾ ರಾಜನ ಮುಂದೆ ಎದ್ದು ನಿಲ್ಲುತ್ತಾನೆ. ವೀರ ಅನ್ನಿಸಿಕೊಂಡವನು ಹೀಗೆ ಸಾಯೋದಾ ಎಂಬ ಧಾಟಿಯಲ್ಲಿ ರಾಜ ಬೈಯುತ್ತಾನೆ. ಜೇಬಿನಲ್ಲಿದ್ದ ಚಿನ್ನದಲ್ಲಿ ಅರ್ಧ ಮಾಯವಾಗಿರುತ್ತದೆ. ಹೊಡೆದಾಡಿ ಗಳಿಸಿದ ಅನುಭವದ ಅಂಕಗಳು ಮಾತ್ರ ಹಾಗೇ ಉಳಿದಿರುತ್ತವೆ. ಬೈಸಿಕೊಂಡು ಮತ್ತೆ ಹೊರಡಬೇಕು, ಅಷ್ಟೇ.

ಅದಕ್ಕೂ ಮೊದಲು, 1980ರ ಹೊತ್ತಿಗೆ ಅಮೆರಿಕದ ಕಾಲೇಜು ಹುಡುಗರು ಕಟ್ಟಿದ ‘ರೋಗ್’ ಎಂಬ ಆಟವಿತ್ತು. ಅದರಲ್ಲಿ ಸತ್ತರೆ ಸತ್ತ ಹಾಗೇ. ಮತ್ತೆ ಒಂದನೇ ಮೆಟ್ಟಿಲಿನಿಂದ ಶುರು. ಎರಡೂ ಆಟಗಳಲ್ಲಿ ಕತ್ತಿ ಇದೆ, ಡ್ರ್ಯಾಗನ್ ಇದೆ, ಕತ್ತಲ ನೆಲಮಾಳಿಗೆ ಇದೆ. ಆದರೂ ಒಂದನ್ನು ಆಡುವಾಗ ಮನಸ್ಸು ಹಗುರ, ಇನ್ನೊಂದನ್ನು ಆಡುವಾಗ ಉಸಿರು ಬಿಗಿ.

ಹಗುರ ಧಾಟಿಯ ಫ್ಯಾಂಟಸಿ ಆಟ ಅಂದರೆ ನಾವು ಮೊದಲು ಯೋಚಿಸೋದು ಜೋಕುಗಳನ್ನು, ಮುದ್ದು ಬೊಂಬೆಗಳನ್ನು, ಬಣ್ಣಗಳನ್ನು. ಅವೆಲ್ಲ ಬೇಕು, ನಿಜ. ಆದರೆ ಆಟದ ಧಾಟಿ ಮೊದಲು ಅದರ ಲೆಕ್ಕದಲ್ಲಿ ಹುಟ್ಟುತ್ತದೆ ಅಂತ ನನಗೆ ಅನ್ನಿಸುತ್ತದೆ. ಸೋತರೆ ಏನು ಹೋಗುತ್ತದೆ? ಒಂದು ಏಟಿಗೆ ಎಷ್ಟು ನೋವು? ಗುರಿ ಎಷ್ಟು ಸಲ ತಪ್ಪುತ್ತದೆ? ಈ ಲೆಕ್ಕ ಕ್ರೂರವಾಗಿದ್ದರೆ ಎಷ್ಟು ಜೋಕು ಬರೆದರೂ ನಗು ಬರುವುದಿಲ್ಲ.

ಇದಕ್ಕೆ ಮನೋವಿಜ್ಞಾನದಲ್ಲಿ ಒಂದು ವಿವರಣೆ ಇದೆ. 2010ರಲ್ಲಿ ಪೀಟರ್ ಮೆಕ್‌ಗ್ರಾ ಮತ್ತು ಕ್ಯಾಲೆಬ್ ವಾರೆನ್ ಎಂಬ ಸಂಶೋಧಕರು ಅದನ್ನು ಮುಂದಿಟ್ಟರು. ನಗು ಹುಟ್ಟಲು ಎರಡು ಸಂಗತಿ ಒಟ್ಟಿಗೆ ಬೇಕು ಅಂತ ಅವರ ವಾದ. ಏನೋ ಎಡವಟ್ಟಾಗಬೇಕು, ಅದರಿಂದ ನಿಜವಾದ ಅಪಾಯ ಇಲ್ಲ ಅಂತಲೂ ಅದೇ ಹೊತ್ತಿಗೆ ತಿಳಿದಿರಬೇಕು. ಕಚಗುಳಿಯನ್ನೇ ನೋಡಿ. ನಮಗೆ ನಾವೇ ಇಟ್ಟುಕೊಂಡರೆ ನಗು ಬರದು, ಯಾಕೆಂದರೆ ಅಲ್ಲಿ ದಾಳಿಯೇ ಇಲ್ಲ. ಬಸ್ಸಿನಲ್ಲಿ ಗುರುತಿಲ್ಲದವನು ಬಂದು ಇಟ್ಟರೆ ಸಿಟ್ಟು, ಭಯ. ಅಕ್ಕನೋ ತಮ್ಮನೋ ಇಟ್ಟರೆ ಮಾತ್ರ ನಗು. ಎಲ್ಲ ನಗುವನ್ನೂ ಈ ಒಂದೇ ಸೂತ್ರ ವಿವರಿಸುತ್ತದೆ ಅಂತ ನಾನು ನಂಬುವುದಿಲ್ಲ. ಆಟಗಳ ಮಟ್ಟಿಗೆ ಮಾತ್ರ ಚೆನ್ನಾಗಿ ಹೊಂದುತ್ತದೆ.

ನಮ್ಮ ಗದಗಿನವರಿಗೆ ಇದು ಹೊಸದೇನಲ್ಲ. ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಅಂತ ನಂಬಿಕೆ. ಅದರ ವಿರಾಟಪರ್ವದ ಉತ್ತರಕುಮಾರನನ್ನು ಯಾರು ಮರೆತಾರು? ಹೆಂಗಸರ ಮುಂದೆ ಕೂತು, ಒಬ್ಬ ಸಾರಥಿ ಸಿಕ್ಕರೆ ಸಾಕು, ಕೌರವರನ್ನೆಲ್ಲ ಮುಗಿಸುತ್ತೇನೆ ಅಂತ ಕೊಚ್ಚಿಕೊಳ್ಳುತ್ತಾನೆ. ಸಾರಥಿ ಸಿಗುತ್ತಾನೆ. ಎದುರಿಗೆ ಸೈನ್ಯ ಕಂಡದ್ದೇ ತಡ, ರಥದಿಂದ ಹಾರಿ ಓಟ ಕೀಳುತ್ತಾನೆ. ಅಲ್ಲಿರುವ ಅಪಾಯ ಸುಳ್ಳಲ್ಲ. ಭೀಷ್ಮ, ದ್ರೋಣ, ಕರ್ಣ ಎಲ್ಲರೂ ನಿಂತಿದ್ದಾರೆ. ಆದರೂ ಓದುವವರು ನಗುತ್ತಾರೆ, ಯಾಕೆಂದರೆ ಆ ಸಾರಥಿ ಬೃಹನ್ನಳೆಯ ವೇಷದಲ್ಲಿರುವ ಅರ್ಜುನ. ಅದು ನಮಗೆ ಗೊತ್ತು, ಹುಡುಗನಿಗೆ ಗೊತ್ತಿಲ್ಲ. ಸಾರಥಿಯ ಜಾಗದಲ್ಲಿ ನಿಜವಾಗಿ ಯಾರೋ ಸಾಮಾನ್ಯ ಮನುಷ್ಯ ಇದ್ದಿದ್ದರೆ? ಅದೇ ಓಟ, ಅದೇ ಮಾತು, ಆದರೆ ಕರುಳು ಹಿಂಡುವ ಕಥೆ. ಡ್ರ್ಯಾಗನ್ ಕ್ವೆಸ್ಟ್‌ನ ಗದರುವ ರಾಜ ಮಾಡುವ ಕೆಲಸವೂ ಇದೇ. ನಿನ್ನ ಹಿಂದೆ ಒಬ್ಬರಿದ್ದಾರೆ, ಧೈರ್ಯವಾಗಿ ಎಡವು ಅಂತ ಆಟಗಾರನಿಗೆ ಅವನು ತಿಳಿಸುತ್ತಾನೆ.

ಈಗ ಸುಮ್ನೆ ನಮ್ಮದೇ ಒಂದು ಆಟ ಕಲ್ಪಿಸಿಕೊಳ್ಳೋಣ. ಗದಗದಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿ. ಅಲ್ಲಿನ ಮುಸುಕಿನ ಬಾವಿಯ ಮೆಟ್ಟಿಲು ಇಳಿದು ಹುಬ್ಬಳ್ಳಿಯ ಹುಡುಗನೊಬ್ಬ ದೆವ್ವಗಳ ಜೊತೆ ಹೊಡೆದಾಡಬೇಕು. ನೋವಿಗೆ ಮದ್ದು ಗಿರ್ಮಿಟ್, ದೊಡ್ಡ ಗಾಯಕ್ಕೆ ಧಾರವಾಡ ಪೇಡೆ. ಸತ್ತರೆ ಬಾವಿಯ ಮೇಲೆ ಕೂತ ಅಜ್ಜಿಯ ಮುಂದೆ ಎದ್ದೇಳುತ್ತಾನೆ. “ಏನೋ ತಮ್ಮಾ, ಮತ್ತ ಹೊಡಸ್ಕೊಂಡ ಬಂದೇನು? ಕುಂದರು, ಚಾ ಕುಡಿ” ಅಂತಾಳೆ ಅಜ್ಜಿ. ಧಾಟಿ ಸಿಕ್ಕಿತು. ಇನ್ನು ಅಂಕಿಗಳು.

ಹುಡುಗನಿಗೆ ಎಷ್ಟು ಹಿಟ್ ಪಾಯಿಂಟ್ ಕೊಡಬೇಕು? ಹಿಟ್ ಪಾಯಿಂಟ್ ಅಂದರೆ ಇನ್ನೆಷ್ಟು ಏಟು ತಾಳಬಲ್ಲ ಎಂಬ ಲೆಕ್ಕ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ದಾಳದಾಟದಿಂದ ಇದು ಎಲ್ಲ ಕಡೆ ಹರಡಿತು. ಕೆಲವು ಗಂಭೀರ ಆಟಗಳಲ್ಲಿ ಇದು ಸಾವಿರ, ಹತ್ತು ಸಾವಿರ ದಾಟುತ್ತದೆ. 2000ದಲ್ಲಿ ಬಂದ ನಿಂಟೆಂಡೊದ ‘ಪೇಪರ್ ಮಾರಿಯೊ’ ತದ್ವಿರುದ್ಧ. ಮಾರಿಯೊಗೆ ಶುರುವಿನಲ್ಲಿ ಬರೀ 10. ಸಾಮಾನ್ಯ ಶತ್ರು ಗೂಂಬಾಗೆ 2. ಒಂದು ಏಟಿಗೆ 1.

ಇದು ಮಕ್ಕಳಾಟದ ಸರಳತೆ ಅಲ್ಲ. ಎರಡು ಅಳತೆಗಳ ವ್ಯತ್ಯಾಸವನ್ನು ನಾವು ಗುರುತಿಸುವುದು ಪಾಲಿನ ಲೆಕ್ಕದಲ್ಲಿ ಅಂತ 19ನೇ ಶತಮಾನದಲ್ಲೇ ಜರ್ಮನಿಯ ಅರ್ನ್ಸ್ಟ್ ವೇಬರ್ ಕಂಡುಕೊಂಡಿದ್ದ. ಅವನು ಅಳೆದದ್ದು ಕೈಯಲ್ಲಿ ಹಿಡಿದ ತೂಕಗಳನ್ನು, ಆದರೆ ಪರದೆಯ ಮೇಲಿನ ಅಂಕಿಗೂ ಅದೇ ಮಾತು ಒಪ್ಪುತ್ತದೆ. ಏಟು 4,820ರಿಂದ 4,970ಕ್ಕೆ ಏರಿದರೆ ಹೆಚ್ಚಿದ್ದು ನೂರಕ್ಕೆ 3. ಯಾರಿಗೂ ಗೊತ್ತಾಗದು. 1ರಿಂದ 2ಕ್ಕೆ ಏರಿದರೆ ಇಮ್ಮಡಿ, ಹುಡುಗ ಕುಣಿಯುತ್ತಾನೆ. ಅಂಕಿ ಚಿಕ್ಕದಿದ್ದರೆ ಲೆಕ್ಕ ತಲೆಯಲ್ಲೇ ಆಗುತ್ತದೆ, ತಲೆ ಬಿಸಿಯಾಗುವುದಿಲ್ಲ. ಹಾಗಾಗಿ ನಮ್ಮ ಹುಡುಗನಿಗೂ 10 ಸಾಕು. ಉತ್ತರಕುಮಾರನಿಗೆ 3 ಕೊಟ್ಟರೆ ಜಾಸ್ತಿಯೇ.

ಗುರಿ ತಪ್ಪುವ ಲೆಕ್ಕ ಇನ್ನೂ ಮಜಾ ಇದೆ. ಏಟು ತಾಗುವ ಸಾಧ್ಯತೆ ನೂರಕ್ಕೆ 90 ಅಂತ ಪರದೆ ತೋರಿಸುತ್ತದೆ ಅಂದುಕೊಳ್ಳಿ. ನಮ್ಮ ಮನಸ್ಸು ಅದನ್ನು ‘ತಾಗೇ ತಾಗುತ್ತೆ’ ಅಂತ ಓದಿಕೊಳ್ಳುತ್ತದೆ. ಆದರೆ 50 ಏಟು ಹಾಕುವಷ್ಟರಲ್ಲಿ, ಎಲ್ಲಾದರೂ ಬೆನ್ನುಬೆನ್ನಿಗೆ ಎರಡು ಸಲ ತಪ್ಪುವ ಸಾಧ್ಯತೆ ನೂರಕ್ಕೆ 36. ಲೆಕ್ಕ ಸರಿಯಾಗೇ ಇದೆ. ಆದರೂ ಆಟಗಾರ ಮೋಸ ಅಂತ ಕೂಗುತ್ತಾನೆ.

‘ಫೈರ್ ಎಂಬ್ಲಮ್’ ಎಂಬ ಯುದ್ಧದಾಟಗಳ ಸರಣಿಯವರು 2002ರ ಆಟದಿಂದ ಇದಕ್ಕೊಂದು ಉಪಾಯ ಹೂಡಿದರು. ಕಂಪ್ಯೂಟರ್ 0ರಿಂದ 99ರ ಒಳಗಿನ ಒಂದು ಸಂಖ್ಯೆ ಎತ್ತುವ ಬದಲು ಎರಡು ಎತ್ತುತ್ತದೆ, ಎರಡರ ಸರಾಸರಿ ಪರದೆಯ ಅಂಕಿಗಿಂತ ಕಡಿಮೆ ಇದ್ದರೆ ಏಟು ತಾಗುತ್ತದೆ. ಎರಡು ದಾಳ ಎಸೆದರೆ 2 ಅಥವಾ 12 ಬೀಳುವುದು ಅಪರೂಪ, 7 ಜಾಸ್ತಿ, ಅಲ್ವಾ? ಇಲ್ಲೂ ಹಾಗೇ ಸರಾಸರಿ ನಡುವಿನಲ್ಲೇ ಜಾಸ್ತಿ ಬೀಳುತ್ತದೆ. ಪರದೆ 90 ಅಂದಾಗ ನಿಜವಾದ ಸಾಧ್ಯತೆ ಸುಮಾರು 98. 75 ಅಂದಾಗ ಸುಮಾರು 88. ಕೆಳಗೆ ಹೋದರೆ ಉಲ್ಟಾ: 20 ಅಂದಾಗ ನಿಜದಲ್ಲಿ ಸುಮಾರು 8. ಪರದೆಯ ಅಂಕಿ ಸುಳ್ಳು, ಆದರೆ ಹೀಗೆ ಬರುವ ಫಲವೇ ನಮ್ಮ ಮನಸ್ಸಿನ ಅಂದಾಜಿಗೆ ಹತ್ತಿರ. ಆ ಆಟ ಹಗುರದ್ದೇನಲ್ಲ. ಈ ಉಪಾಯ ಮಾತ್ರ ಹಗುರ ಆಟಕ್ಕೆ ಹೇಳಿ ಮಾಡಿಸಿದ್ದು. ತಪ್ಪಿದ ಏಟು ಅಪರೂಪವಾದರೆ ಅದನ್ನೇ ಒಂದು ತಮಾಷೆ ಮಾಡಬಹುದು: ಹುಡುಗ ಕತ್ತಿ ಬೀಸಿ ತಾನೇ ಗಿರ್ರನೆ ತಿರುಗಿ ಕೂತುಬಿಡಲಿ.

ಮುದ್ದು ರೂಪದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚುಟುಕಾಗಿ ಮುಗಿಸುತ್ತೇನೆ. ದೊಡ್ಡ ತಲೆ, ದೊಡ್ಡ ಕಣ್ಣು ಕಂಡರೆ ಮಗುವನ್ನು ಕಂಡ ಅಕ್ಕರೆ ಹುಟ್ಟುತ್ತದೆ ಅಂತ ಪ್ರಾಣಿಗಳ ನಡವಳಿಕೆ ಅಭ್ಯಸಿಸಿದ ವಿಜ್ಞಾನಿ ಕಾನ್ರಾಡ್ ಲಾರೆನ್ಸ್ 1943ರಲ್ಲೇ ಬರೆದಿದ್ದ. ಹಳೆಯ ಆಟಗಳಲ್ಲಿ ತಲೆ ದೊಡ್ಡದಾದದ್ದು ಮಾತ್ರ ಈ ಜ್ಞಾನದಿಂದಲ್ಲ, ಜಾಗ ಇಲ್ಲದ್ದರಿಂದ. 16 ಚುಕ್ಕೆ ಎತ್ತರದ ಮನುಷ್ಯನಿಗೆ ಕಣ್ಣು ಕಾಣಿಸಬೇಕಾದರೆ ತಲೆಗೇ ಅರ್ಧ ಮೈ ಕೊಡಬೇಕು. ಡ್ರ್ಯಾಗನ್ ಕ್ವೆಸ್ಟ್‌ನ ಅತಿ ದುರ್ಬಲ ಶತ್ರು ಸ್ಲೈಮ್ ಕೂಡ, ಆಟ ರೂಪಿಸಿದ ಯೂಜಿ ಹೊರೀ ಗೀಚಿಕೊಟ್ಟಾಗ ಬರೀ ಅಂಟು ಲೋಳೆಯ ಗುಪ್ಪೆ. ಚಿತ್ರಕಾರ ಅಕಿರಾ ಟೋರಿಯಾಮ ಅದನ್ನು ನಗುವ ನೀಲಿ ಹನಿ ಮಾಡಿದ. ಇವತ್ತಿಗೂ ಸರಣಿಯ ಗುರುತು ಆ ಹನಿಯೇ.

ಜಾಹೀರಾತು ಬರೆಯುತ್ತಿದ್ದ ಶಿಗೆಸಾಟೊ ಇಟೊಯಿ ರೂಪಿಸಿದ 1994ರ ‘ಮದರ್ 2’ ನನಗೆ ಇವೆಲ್ಲಕ್ಕಿಂತ ಇಷ್ಟ. ಅದರಲ್ಲಿ ಏಟು ಬಿದ್ದ ಕೂಡಲೇ ಹಿಟ್ ಪಾಯಿಂಟ್ ಕಡಿಮೆಯಾಗುವುದಿಲ್ಲ. ಗಾಡಿಯ ಮೀಟರಿನ ಹಾಗೆ ಅಂಕಿಗಳು ಒಂದೊಂದಾಗಿ ಉರುಳುತ್ತವೆ. ಸಾಯುವ ಏಟೇ ಬಿದ್ದಿದ್ದರೂ, ಅಂಕಿ ಸೊನ್ನೆ ಮುಟ್ಟುವ ಮೊದಲು ಮದ್ದು ತಿಂದರೆ ಅಥವಾ ಶತ್ರುವನ್ನು ಕೆಡವಿದರೆ ಬದುಕುತ್ತೀರಿ. ತುಂಬ ದುರ್ಬಲ ಶತ್ರುಗಳು ನಿಮ್ಮನ್ನು ಕಂಡು ಓಡಿಹೋಗುತ್ತವೆ. ಸೋತ ಪ್ರಾಣಿ ಸಾಯುವುದೂ ಇಲ್ಲ, ಪಳಗುತ್ತದೆ. ಬಹಳ ಹೊತ್ತು ಆಡಿದರೆ ಅಪ್ಪ ಫೋನು ಮಾಡಿ, ಸ್ವಲ್ಪ ವಿಶ್ರಾಂತಿ ತಗೋ ಅಂತಾನೆ. ಇದರಲ್ಲಿ ಎಷ್ಟು ಪಾಲು ಬರಹ, ಎಷ್ಟು ಪಾಲು ಲೆಕ್ಕ ಅಂತ ಬಿಡಿಸಿ ಹೇಳುವುದು ಕಷ್ಟ.

ನಮ್ಮ ಬಾವಿಯ ಆಟಕ್ಕೆ ಇನ್ನೊಂದು ತೊಡಕಿದೆ. ಅಜ್ಜಿ ಅದೇ ಮಾತು ಹತ್ತು ಸಲ ಹೇಳಿದರೆ ಯಾರಿಗೂ ನಗು ಬರದು, ಆಟಗಾರ ಗುಂಡಿ ಒತ್ತಿ ಮುಂದೆ ಹೋಗುತ್ತಾನೆ. ಅದಕ್ಕೆ ಆರು ಬೇರೆ ಬೇರೆ ಬೈಗುಳ ಬರೆದೆವು ಅನ್ನಿ. ಕಂಪ್ಯೂಟರ್ ಪ್ರತಿ ಸಲ ದಾಳ ಹಾಕಿ ಒಂದನ್ನು ಆರಿಸಿದರೆ, ಹುಡುಗ ನಾಲ್ಕನೇ ಸಲ ಸಾಯುವಷ್ಟರಲ್ಲಿ ಯಾವುದೋ ಒಂದು ಬೈಗುಳ ಮರುಕಳಿಸಿರುವ ಸಾಧ್ಯತೆ ನೂರಕ್ಕೆ 72. ಆರು ಬರೆದ ಶ್ರಮ ನೀರಲ್ಲಿ ಹೋಮ. ಅದರ ಬದಲು ಆರನ್ನೂ ಕಲಸಿ ಸಾಲಾಗಿ ಇಟ್ಟು ಒಂದೊಂದೇ ತೆಗೆಯಬೇಕು, ಮುಗಿದ ಮೇಲೆ ಮತ್ತೆ ಕಲಸಬೇಕು. ಆಗ ಆರನೇ ಸಾವಿನ ತನಕ ಅಜ್ಜಿಯ ಮಾತು ಮರುಕಳಿಸುವುದೇ ಇಲ್ಲ. ಹೊಸದಾಗಿ ಕಲಸುವಾಗ ಒಂದನ್ನು ಮಾತ್ರ ನೋಡಿಕೊಳ್ಳಿ: ಹಳೆಯ ಸಾಲಿನ ಕೊನೆಯ ಬೈಗುಳವೇ ಹೊಸ ಸಾಲಿನ ಮೊದಲನೆಯದು ಆಗಬಾರದು.