ಜಿಯೋಕ್ಯಾಶಿಂಗ್ ಟಿಪ್ಪಣಿ: ಚುಕ್ಕಿಯ ಮುಂದಿನ ಮೂರು ಅಂಕಿ

ಕೆಲಸಕ್ಕೆ ಅಂತ ಮ್ಯೂನಿಕ್‌ಗೆ ಬಂದ ಮೇಲೆ ಹಿಡಿದ ಹವ್ಯಾಸ ಇದು. ಶುರು ಮಾಡಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಬೆಂಗಳೂರಿನ ಗೆಳೆಯರೂ ಕಲೀತೀವಿ ಅಂತಿದ್ದಾರೆ. ಹಾಗಾಗಿ ತಲೆಗೆ ಹತ್ತಿದ್ದು ಇಳಿದುಹೋಗುವ ಮುಂಚೆ ಬರೆದಿಡುತ್ತಿದ್ದೇನೆ.

ಆಟ ಸುಲಭ. ಯಾರೋ ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕಿರುತ್ತಾರೆ. ನಾವು ಮೊಬೈಲಿನ ಜಿಪಿಎಸ್ ನೋಡಿಕೊಂಡು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು, ತಾರೀಕು ಬರೆದು, ಇದ್ದ ಹಾಗೇ ಇಟ್ಟು ಬರಬೇಕು. ಆ್ಯಪ್ ಹಾಕಿಕೊಳ್ಳುವುದು, ಖಾತೆ ತೆರೆಯುವುದು ಇವನ್ನೆಲ್ಲ ಇಲ್ಲಿ ಬರೆಯುವುದಿಲ್ಲ, ನೀವೇ ಮಾಡಿಕೊಳ್ಳುತ್ತೀರಿ.

ಅಂಕಿ ಓದುವುದು ಹೇಗೆ

ಆ್ಯಪ್‌ನಲ್ಲಿ ಬಾಣ ತೋರಿಸುತ್ತದಲ್ವಾ, ಅಂಕಿ ಯಾಕೆ ಬೇಕು ಅನ್ನಬಹುದು. ಟ್ರೆಡಿಷನಲ್ ಅನ್ನುವ ಬಗೆಯ ಡಬ್ಬಿಗೆ ಬೇಡ. ಅಲ್ಲಿ ಬಾಣ ನೇರವಾಗಿ ಡಬ್ಬಿಯ ಹತ್ತಿರಕ್ಕೇ ಕರೆದುಕೊಂಡು ಹೋಗುತ್ತದೆ. ಮಲ್ಟಿ ಬಗೆಯಲ್ಲಿ ಹಾಗಲ್ಲ. ಮೊದಲ ಜಾಗದಲ್ಲಿ ಕಲ್ಲಿನ ಮೇಲೆ ಕೆತ್ತಿದ ಇಸವಿ ನೋಡಿ, ಬೆಂಚಿನ ಹಲಗೆ ಎಣಿಸಿ, ಕೂಡಿ ಕಳೆದು ಮುಂದಿನ ಜಾಗದ ಅಂಕಿಯನ್ನು ನಾವೇ ಕಟ್ಟಬೇಕು. ಮಿಸ್ಟರಿ ಬಗೆಯಲ್ಲೂ ಒಗಟು ಬಿಡಿಸಿದ ಮೇಲೆ ಸಾಮಾನ್ಯವಾಗಿ ಕೈಗೆ ಬರುವುದು ಅಂಕಿಯೇ. ಅದನ್ನು ಟೈಪ್ ಮಾಡುವಾಗಲೇ ಗೊಂದಲ ಶುರುವಾಗುವುದು. ಇದು ನನ್ನ ತಲೆಯಲ್ಲಿ ಕೂರುವುದಕ್ಕೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಅದಕ್ಕೇ ನಿಧಾನವಾಗಿ ಬರೆಯುತ್ತೇನೆ.

ಎಲ್ಲರಿಗೂ ಗೊತ್ತಿರುವ ಜಾಗವೇ ಇರಲಿ ಅಂತ ಕಬ್ಬನ್ ಪಾರ್ಕ್ ಆಸುಪಾಸಿನ ಒಂದು ಬಿಂದು ತಗೊಂಡಿದ್ದೇನೆ. ಅಲ್ಲಿ ಡಬ್ಬಿ ಇದೆ ಅಂತಲ್ಲ, ಬರೀ ಲೆಕ್ಕಕ್ಕೆ. ಜಿಯೋಕ್ಯಾಶಿಂಗ್‌ನಲ್ಲಿ ಅದನ್ನು ಹೀಗೆ ಬರೆಯುತ್ತಾರೆ:

ಉತ್ತರ 12° 58.500, ಪೂರ್ವ 77° 35.400

ಇಲ್ಲಿ 12 ಅನ್ನುವುದು ಡಿಗ್ರಿ. 58.500 ಪೂರ್ತಿಯಾಗಿ ನಿಮಿಷ. ಚುಕ್ಕಿಯ ಮುಂದೆ ಇರುವುದು ಸೆಕೆಂಡ್ ಅಲ್ಲ, ನಿಮಿಷದ ದಶಮಾಂಶ. ಒಂದು ಡಿಗ್ರಿಗೆ 60 ನಿಮಿಷ. ಗಡಿಯಾರದ ಲೆಕ್ಕವೇ ಇದು. ಒಂದೂವರೆ ಗಂಟೆಯನ್ನು 1.30 ಅಂತ ಬರೆಯುತ್ತೇವೆ, ಆದರೆ ಗುಣಾಕಾರಕ್ಕೆ ಕೂತರೆ ಅದು 1.5.

ಮ್ಯಾಪ್ ಆ್ಯಪ್‌ಗಳು ತೋರಿಸುವುದು ಸಾಮಾನ್ಯವಾಗಿ ಬರೀ ಡಿಗ್ರಿಯ ದಶಮಾಂಶ. ಅದಕ್ಕೆ ಬದಲಾಯಿಸಬೇಕಾದರೆ ನಿಮಿಷವನ್ನು 60ರಿಂದ ಭಾಗಿಸಿ ಡಿಗ್ರಿಗೆ ಸೇರಿಸಿ. 58.5 ಭಾಗ 60 ಅಂದರೆ 0.975. ಹಾಗಾಗಿ ಅಕ್ಷಾಂಶ 12.975. 35.4 ಭಾಗ 60 ಅಂದರೆ 0.59. ರೇಖಾಂಶ 77.59.

ತಪ್ಪಾಗಿ ಓದಿದರೆ ಏನಾಗುತ್ತದೆ ಅಂತಲೂ ಲೆಕ್ಕ ಹಾಕಿ ನೋಡಿದೆ. 58.500 ಅನ್ನುವುದನ್ನು 58 ನಿಮಿಷ 50 ಸೆಕೆಂಡ್ ಅಂತ ಓದಿಕೊಂಡರೆ ಉತ್ತರಕ್ಕೆ ಸುಮಾರು 600 ಮೀಟರ್ ಜಾಸ್ತಿ ಹೋಗುತ್ತೀರಿ, ಯಾಕಂದರೆ ಅರ್ಧ ನಿಮಿಷ ಅಂದರೆ 30 ಸೆಕೆಂಡ್, 50 ಅಲ್ಲ. ಡಿಗ್ರಿ ಗುರುತನ್ನು ತೆಗೆದು ಸುಮ್ನೆ 12.58500, 77.35400 ಅಂತ ಹಾಕಿದರೆ ಇನ್ನೂ ದೂರ. ದಕ್ಷಿಣಕ್ಕೆ 43 ಕಿಲೋಮೀಟರ್, ಪಶ್ಚಿಮಕ್ಕೆ 26 ಕಿಲೋಮೀಟರ್ ಸರಿದು ಕನಕಪುರದ ಕಡೆ ಹೋಗುತ್ತದೆ. ಈ ಎರಡರಲ್ಲಿ ಮೊದಲನೆಯದೇ ಜಾಸ್ತಿ ಅಪಾಯ. ಕನಕಪುರ ತೋರಿಸಿದರೆ ಏನೋ ಸರಿಯಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. 600 ಮೀಟರ್ ಆಚೆ ಇನ್ನೊಂದು ಮರ ತೋರಿಸಿದರೆ ಗೊತ್ತೇ ಆಗುವುದಿಲ್ಲ, ಅಲ್ಲೇ ಹುಡುಕುತ್ತಾ ನಿಲ್ಲುತ್ತೇವೆ.

ಭಾಗಾಕಾರ ಮಾಡುವ ತಾಳ್ಮೆ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ. ಗೂಗಲ್ ಮ್ಯಾಪ್ಸ್ ಹುಡುಕಾಟದ ಜಾಗದಲ್ಲಿ 12 58.500, 77 35.400 ಅಂತ ಹಾಕಿ. ಡಿಗ್ರಿ ಆದ ಮೇಲೆ ಚುಕ್ಕಿ ಅಲ್ಲ, ಖಾಲಿ ಜಾಗ. ಅದು ನಿಮಿಷ ಅಂತಲೇ ಓದಿಕೊಳ್ಳುತ್ತದೆ. ಜರ್ಮನಿಯಲ್ಲಿ ಇರುವವರಿಗೆ ಒಂದು ಮಾತು: ಇಲ್ಲಿನವರು ದಶಮಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬರೆಯುತ್ತಾರೆ. ಟೈಪ್ ಮಾಡುವಾಗ ಅದನ್ನು ಚುಕ್ಕಿ ಮಾಡಿಕೊಳ್ಳಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅಕ್ಷಾಂಶದ ಒಂದು ನಿಮಿಷ ನೆಲದ ಮೇಲೆ ಹತ್ತಿರ ಹತ್ತಿರ 1852 ಮೀಟರ್, ಅಂದರೆ ಹಡಗಿನವರ ಒಂದು ನಾಟಿಕಲ್ ಮೈಲಿ. ಹಾಗಾದರೆ ಚುಕ್ಕಿಯ ಮುಂದಿನ ಮೂರನೇ ಅಂಕಿ ಒಂದು ಹೆಚ್ಚಾದರೆ 1.85 ಮೀಟರ್. ಎರಡೂವರೆ ಹೆಜ್ಜೆ! ಇದು ಗೊತ್ತಾದ ಮೇಲೆ ಅಂಕಿ ನೋಡಿದರೆ ಕಾಲಿಗೇ ದೂರ ತಿಳಿಯುತ್ತದೆ.

ರೇಖಾಂಶಕ್ಕೆ ಮಾತ್ರ ಈ ಲೆಕ್ಕ ಊರಿಂದ ಊರಿಗೆ ಬದಲಾಗುತ್ತದೆ. ರೇಖಾಂಶದ ಗೆರೆಗಳೆಲ್ಲ ಧ್ರುವದಲ್ಲಿ ಹೋಗಿ ಸೇರುತ್ತವೆ. ಅದಕ್ಕೇ ಉತ್ತರಕ್ಕೆ ಹೋದಷ್ಟೂ ಅವುಗಳ ನಡುವಿನ ಅಂತರ ಕಮ್ಮಿ. ಎಷ್ಟು ಕಮ್ಮಿ ಅಂತ ತಿಳಿಯಲು 1.85 ಮೀಟರನ್ನು ಆ ಊರಿನ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಬೆಂಗಳೂರಿನಲ್ಲಿ ಸುಮಾರು 1.8 ಮೀಟರ್ ಬರುತ್ತದೆ, ವ್ಯತ್ಯಾಸ ಇಲ್ಲ ಅಂತಲೇ ಇಟ್ಟುಕೊಳ್ಳಬಹುದು. ಮ್ಯೂನಿಕ್‌ನಲ್ಲಿ 1.24 ಮೀಟರ್ ಅಷ್ಟೇ.

ಒಂದು ಉದಾಹರಣೆ. ಗುರಿ ಉತ್ತರ 48° 08.220, ಪೂರ್ವ 11° 34.500 ಅಂತಿಟ್ಟುಕೊಳ್ಳಿ, ಮ್ಯೂನಿಕ್‌ನ ಮರೀನ್‌ಪ್ಲಾಟ್ಸ್ ಚೌಕ. ಮೊಬೈಲ್ ನಾನಿರುವ ಜಾಗವನ್ನು 08.214, 34.492 ಅಂತ ತೋರಿಸುತ್ತಿದೆ. ಉತ್ತರಕ್ಕೆ 6 ಅಂಕಿ ಬಾಕಿ, ಪೂರ್ವಕ್ಕೆ 8. ಅಂಕಿ ನೋಡಿದರೆ ಪೂರ್ವಕ್ಕೇ ಜಾಸ್ತಿ ನಡೆಯಬೇಕು ಅನಿಸುತ್ತದೆ. ಲೆಕ್ಕ ಹಾಕಿ: ಉತ್ತರಕ್ಕೆ 6 ಗುಣಿಸು 1.85, ಅಂದರೆ 11 ಮೀಟರ್. ಪೂರ್ವಕ್ಕೆ 8 ಗುಣಿಸು 1.24, ಅಂದರೆ 10 ಮೀಟರ್. ಉತ್ತರಕ್ಕೇ ಒಂದು ಮೀಟರ್ ಹೆಚ್ಚು! ಅಂಕಿಗಳ ವ್ಯತ್ಯಾಸ ಇಷ್ಟೇ ಇದ್ದು ಬೆಂಗಳೂರಿನಲ್ಲಿದ್ದರೆ ಪೂರ್ವಕ್ಕೆ ಹದಿನಾಲ್ಕೂವರೆ ಮೀಟರ್ ಆಗುತ್ತಿತ್ತು. ನಾನು ಬಳಸುವ ಸುಲಭ ಸೂತ್ರ: ಉತ್ತರ ದಕ್ಷಿಣಕ್ಕೆ ಎರಡರಿಂದ ಗುಣಿಸಿ ಸ್ವಲ್ಪ ಕಳೆಯುವುದು. ಪೂರ್ವ ಪಶ್ಚಿಮಕ್ಕೆ, ಮ್ಯೂನಿಕ್‌ನಲ್ಲಾದರೆ, ಇದ್ದ ಅಂಕಿಗೆ ಅದರ ಕಾಲುಭಾಗ ಸೇರಿಸುವುದು.

ದೂರ ಸೊನ್ನೆ ಅಂತ ತೋರಿಸಿದ ಮೇಲೆ

ಸೊನ್ನೆ ಅಂದರೆ ಕಾಲ ಕೆಳಗೇ ಡಬ್ಬಿ ಅಂತಲ್ಲ. ಬಯಲಿನಲ್ಲೇ ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಇರುತ್ತದೆ. ಇಸಾರ್ ನದಿ ದಂಡೆಯ ದಟ್ಟ ಮರಗಳ ಕೆಳಗೆ ಇನ್ನೂ ಜಾಸ್ತಿ. ಜೊತೆಗೆ ಬಚ್ಚಿಟ್ಟವರು ಅಳೆದಾಗಲೂ ಅಷ್ಟೇ ಆಚೀಚೆ ಆಗಿರುತ್ತದೆ. ಎರಡೂ ಸೇರಿ ಸುತ್ತಲೂ ಹತ್ತು ಮೀಟರ್ ಹುಡುಕಬೇಕು ಅಂತಲೇ ಇಟ್ಟುಕೊಳ್ಳಿ. ಹತ್ತು ಮೀಟರ್ ಒಳಗೆ ಬಂದ ಕೂಡಲೇ ಮೊಬೈಲ್ ಜೇಬಿಗೆ ಹಾಕಿ ಕಣ್ಣು ಬಿಟ್ಟು ನೋಡಿ. ಬಾಣದ ಹಿಂದೆ ಸುತ್ತುತ್ತಿದ್ದರೆ ಅದು ನಿಮ್ಮನ್ನು ಗಿರಗಿರ ತಿರುಗಿಸುತ್ತಲೇ ಇರುತ್ತದೆ.

ನೋಡಬೇಕಾದ್ದು ಕಾಡಿಗೆ ಒಗ್ಗದ ಅಚ್ಚುಕಟ್ಟುತನ. ಒಂದು ಸಲ ಸ್ಪ್ರೂಸ್ ಮರದ ಬುಡದಲ್ಲಿ ಎರಡು ಬೇರುಗಳ ನಡುವೆ ಒಂದೇ ಅಳತೆಯ ಕಡ್ಡಿಗಳು ಸಾಲಾಗಿ ಮಲಗಿದ್ದವು. ಮೇಲೆ ಅಂಗೈ ಅಗಲದ ತೊಗಟೆ. ಅದು ಆ ಮರದ್ದಲ್ಲ, ಪಕ್ಕದ ಬೀಚ್ ಮರದ ನುಣುಪು ತೊಗಟೆ. ಎತ್ತಿದರೆ ಕೆಳಗೆ ಹಳೇ ಫಿಲ್ಮ್ ರೋಲಿನ ಕಪ್ಪು ಡಬ್ಬಿ. ಒಳಗೆ ಬೀಡಿಯಷ್ಟು ಸಣ್ಣಗೆ ಸುತ್ತಿದ ಕಾಗದ, ತುಂಬಾ ಹೆಸರುಗಳು. ನಾನು ಕನ್ನಡದಲ್ಲೇ ಸಹಿ ಹಾಕಿದೆ. ಎಲ್ಲ ಕಡೆ ಹಾಗೇ ಹಾಕುತ್ತೇನೆ. ಕಡ್ಡಿಗಳನ್ನು ಮತ್ತೆ ಅದೇ ಸಾಲಿನಲ್ಲಿ ಇಡುವುದಕ್ಕೆ ಹುಡುಕಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು. ಅದನ್ನು ಮಾಡಲೇಬೇಕು. ಮುಂದೆ ಬರುವವರಿಗೂ ಅದೇ ಖುಷಿ ಸಿಗಬೇಕಲ್ವಾ.

ಸಿಗದಿದ್ದರೆ ಸಿಗಲಿಲ್ಲ ಅಂತಲೇ ಆ್ಯಪ್‌ನಲ್ಲಿ ಬರೆಯಿರಿ. ಒಬ್ಬರ ಹಿಂದೆ ಒಬ್ಬರು ಹಾಗೆ ಬರೆದರೆ ಡಬ್ಬಿ ಕಳೆದಿರಬಹುದು ಅಂತ ಇಟ್ಟವರಿಗೆ ತಿಳಿಯುತ್ತದೆ.

ಸಣ್ಣಪುಟ್ಟ ವಿಷಯ

ಪೆನ್ನು ನಿಮ್ಮದೇ ಇರಲಿ, ಸಣ್ಣ ಡಬ್ಬಿಯಲ್ಲಿ ಅದಕ್ಕೆ ಜಾಗ ಇರುವುದಿಲ್ಲ. ಕಷ್ಟದ ಮಟ್ಟ ಮತ್ತು ದಾರಿಯ ಮಟ್ಟ ಎರಡಕ್ಕೂ 1ರಿಂದ 5ರ ತನಕ ಅಂಕ ಇರುತ್ತದೆ. ಮೊದಮೊದಲು ಎರಡೂ ಒಂದೂವರೆ ದಾಟದ, ಊಟದ ಡಬ್ಬಿಯಷ್ಟು ದೊಡ್ಡದನ್ನೇ ಆರಿಸಿಕೊಳ್ಳಿ. ಇಲ್ಲಿನ ಕಾಡಿನಲ್ಲಿ ಉಣುಗು ಜಾಸ್ತಿ, ಮಿದುಳಿಗೆ ತಗಲುವ ಜ್ವರ ಹರಡುತ್ತವೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದು ಮೈಯೆಲ್ಲ ನೋಡಿಕೊಳ್ಳಿ.

ಅಭ್ಯಾಸಕ್ಕೆ ಒಂದು

2000ದ ಮೇ ತಿಂಗಳ ಆರಂಭದಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್ಲಿಗೆ ಬೇಕಂತಲೇ ಸೇರಿಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯ ತನಕ ಸಾಮಾನ್ಯ ಜನರ ಸಾಧನ ನೂರು ಮೀಟರ್‌ವರೆಗೂ ತಪ್ಪು ತೋರಿಸಬಹುದಿತ್ತು, ಡಬ್ಬಿ ಹುಡುಕುವ ಮಾತೇ ಇರಲಿಲ್ಲ. ಮೇ 3ರಂದೇ ಡೇವ್ ಅಲ್ಮರ್ ಅನ್ನುವವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ ಇಟ್ಟು, ಜಾಗದ ಅಂಕಿಯನ್ನು ಪ್ರಕಟಿಸಿದರು. ಈ ಆಟದ ಮೊದಲ ಡಬ್ಬಿ ಅದೇ. ಅಂಕಿ: ಉತ್ತರ 45° 17.460, ಪಶ್ಚಿಮ 122° 24.800. ಇದನ್ನು ಡಿಗ್ರಿಯ ದಶಮಾಂಶಕ್ಕೆ ಬದಲಾಯಿಸಿ. ಪಶ್ಚಿಮ ಇದ್ದರೆ ಮೈನಸ್ ಹಾಕುವುದು ಮರೆಯಬೇಡಿ.

ಸರಿಯುತ್ತರ: 45.291, ಮೈನಸ್ 122.41333. ಮ್ಯಾಪ್‌ನಲ್ಲಿ ಹಾಕಿ ನೋಡಿ, ಪೋರ್ಟ್‌ಲ್ಯಾಂಡ್ ಊರಿನ ಆಗ್ನೇಯಕ್ಕೆ ಬಂದರೆ ಲೆಕ್ಕ ಸರಿ.