ಉಪ್ಪು ಬದಲಿಸಿದ 600 ಹಳ್ಳಿಗಳು

ಬಿಪಿ ಜಾಸ್ತಿ ಎಂದು ಗೊತ್ತಾದವರಿಗೆಲ್ಲ ಸಿಗುವ ಉಪದೇಶ ಒಂದೇ. ಉಪ್ಪು ಕಡಿಮೆ ಮಾಡಿ, ಹಣ್ಣು ತರಕಾರಿ ತಿನ್ನಿ, ದಿನಾ ಅರ್ಧ ಗಂಟೆ ವಾಕಿಂಗ್ ಮಾಡಿ. ಮಾತೇನೋ ಸರಿ. ಆದರೆ ಬೆಳಗಿನಿಂದ ಬಗ್ಗಿ ಕಳೆ ಕಿತ್ತು ಬಂದವಳಿಗೆ ವಾಕಿಂಗ್ ಅಂದರೆ ನಗು ಬಂದೀತು. ನಂಚಿಕೊಳ್ಳಲು ಉಪ್ಪಿನಕಾಯಿ ಬಿಟ್ಟು ಬೇರೇನೂ ಇಲ್ಲದ ಮನೆಯಲ್ಲಿ ಉಪ್ಪು ಬಿಡಿ ಅನ್ನುವುದೂ ಒಂದೇ, ಊಟದ ರುಚಿಯನ್ನೇ ಬಿಡಿ ಅನ್ನುವುದೂ ಒಂದೇ. ಬಡವರ ಹೃದಯ ಕಾಪಾಡಲು ಹೊರಟ ಕಾರ್ಯಕ್ರಮಗಳು ಎಡವುವುದು ಇಲ್ಲೇ. ಸಮಯ, ದುಡ್ಡು, ಆಯ್ಕೆ ಈ ಮೂರೂ ಕೈಯಲ್ಲಿಲ್ಲದವರಿಂದ ಅವು ಮೂರನ್ನೂ ಬೇಡುತ್ತವೆ.

ಉತ್ತರ ಚೀನಾದ ಹಳ್ಳಿಗಳಲ್ಲಿ 2014ರಲ್ಲಿ ಶುರುವಾದ ಪ್ರಯೋಗವೊಂದು ಏನನ್ನೂ ಬಿಡಲು ಹೇಳಲಿಲ್ಲ. ಅಲ್ಲಿನ ಊಟದಲ್ಲಿ ಉಪ್ಪು ಬಹಳ, ಅದರಲ್ಲಿ ಹೆಚ್ಚಿನ ಪಾಲು ಮನೆಯ ಒಲೆಯ ಮುಂದೆಯೇ ಬೀಳುವಂಥದ್ದು. ಐದು ಪ್ರಾಂತ್ಯಗಳ 600 ಹಳ್ಳಿಗಳಿಂದ 20,995 ಜನರನ್ನು ಸೇರಿಸಿಕೊಂಡರು. ಒಮ್ಮೆ ಪಾರ್ಶ್ವವಾಯು ಹೊಡೆದವರು, ಇಲ್ಲವೇ 60 ದಾಟಿದ, ಬಿಪಿ ಹತೋಟಿಗೆ ಬಾರದವರು ಇವರು. ಅರ್ಧ ಹಳ್ಳಿಗಳವರು ಎಂದಿನ ಉಪ್ಪನ್ನೇ ಬಳಸಿದರು. ಉಳಿದರ್ಧ ಹಳ್ಳಿಗಳವರಿಗೆ ಬೇರೊಂದು ಉಪ್ಪನ್ನು ಪುಕ್ಕಟೆಯಾಗಿ ಕೊಟ್ಟರು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್ (ಅಂದರೆ ಸಾದಾ ಉಪ್ಪು), ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್.

ಸೋಡಿಯಂ ದೇಹದಲ್ಲಿ ನೀರು ಹಿಡಿದಿಡುತ್ತದೆ, ರಕ್ತನಾಳಗಳ ಮೇಲಿನ ಒತ್ತಡ ಏರುತ್ತದೆ. ಪೊಟ್ಯಾಸಿಯಂ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಹಾಕುವಂತೆ ಮೂತ್ರಪಿಂಡವನ್ನು ಪ್ರಚೋದಿಸುತ್ತದೆ, ನಾಳಗಳ ಬಿಗಿತವನ್ನೂ ಸಡಿಲಿಸುತ್ತದೆ. ಹಣ್ಣು, ಸೊಪ್ಪು, ಕಾಳುಗಳಿಂದ ಬರಬೇಕಾದ ಈ ಪೊಟ್ಯಾಸಿಯಂ ಬಡವರ ತಟ್ಟೆಗೆ ಬರುವುದು ಕಡಿಮೆ. ಹೀಗಾಗಿ ಈ ಉಪ್ಪಿನಿಂದ ಇಮ್ಮಡಿ ಲಾಭ: ಬೇಡದ್ದು ಇಳಿಯಿತು, ಕೊರತೆಯಿದ್ದದ್ದು ಒಂದಿಷ್ಟು ತುಂಬಿತು.

ಸುಮಾರು ಐದು ವರ್ಷ ಇವರನ್ನು ಗಮನಿಸಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಗುಂಪುಗಳ ನಡುವೆ ಬಿಪಿಯ ಮೇಲಿನ ಅಂಕಿಯಲ್ಲಿದ್ದ ವ್ಯತ್ಯಾಸ 3 ಪಾಯಿಂಟ್‌ಗಿಂತ ತುಸು ಹೆಚ್ಚು, ಅಷ್ಟೇ. ಕ್ಲಿನಿಕ್ಕಿನಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು ಸಣ್ಣದು. ಆದರೂ ಹೊಸ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆಯಾಗಿತ್ತು. ಒಬ್ಬೊಬ್ಬರಲ್ಲಿ ಸಣ್ಣದಾಗಿ ಕಾಣುವುದು ಸಾವಿರಾರು ಜನರಲ್ಲಿ, ವರ್ಷಗಟ್ಟಲೆ ನಡೆದರೆ ಹೀಗಾಗುತ್ತದೆ.

ಹಾಗೆಂದು ಜೀವನಶೈಲಿಯೊಂದರಿಂದಲೇ ಎಲ್ಲ ಸರಿಹೋದೀತು ಎಂದು ನಂಬುವವನಲ್ಲ ನಾನು. ಲಾಸ್ ಏಂಜಲೀಸಿನಲ್ಲಿ ಹೃದ್ರೋಗ ತಜ್ಞ ರೊನಾಲ್ಡ್ ವಿಕ್ಟರ್ ಮತ್ತು ಸಂಗಡಿಗರು ಕಪ್ಪು ಜನಾಂಗದ ಗಂಡಸರು ಹೋಗುವ 52 ಕ್ಷೌರದಂಗಡಿಗಳಲ್ಲಿ ನಡೆಸಿದ ಪ್ರಯೋಗವನ್ನೇ ನೋಡಿ. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು ಆಹಾರ, ವ್ಯಾಯಾಮದ ಮಾತಾಡಿ, ಡಾಕ್ಟರನ್ನು ಕಾಣಿರಿ ಎಂದರು. ಆರು ತಿಂಗಳಲ್ಲಿ ಬಿಪಿ ಸರಾಸರಿ 9 ಪಾಯಿಂಟ್ ಇಳಿಯಿತು. ಉಳಿದ ಅಂಗಡಿಗಳಿಗೆ ಫಾರ್ಮಸಿಸ್ಟ್‌ಗಳೇ ಬಂದು ಅಲ್ಲೇ ಮಾತ್ರೆ ಬರೆದುಕೊಟ್ಟರು. ಅಲ್ಲಿ ಇಳಿದದ್ದು 27. ಮಾತ್ರೆ ಬೇಕಾದವರಿಗೆ ಬರೀ ಬುದ್ಧಿವಾದ ಸಾಲದು. ಮಾತ್ರೆಯಾದರೂ ಅವರು ಕೂತಲ್ಲಿಗೇ ಬಂದದ್ದರಿಂದ ಕೆಲಸ ಮಾಡಿತು.

ಇನ್ನು ನಮ್ಮ ವಿಷಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಂಸ್ಥೆಯೊಂದು ನಡೆಸಿದ ಅಧ್ಯಯನದ ಪ್ರಕಾರ ಭಾರತೀಯ ವಯಸ್ಕರು ದಿನಕ್ಕೆ ಸುಮಾರು 8 ಗ್ರಾಂ ಉಪ್ಪು ತಿನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ. ಪಕ್ಕದ ತೆಲಂಗಾಣದ ಹಳ್ಳಿಗಳಲ್ಲೂ ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ಮೂರು ತಿಂಗಳು ಪರೀಕ್ಷಿಸಿದ್ದಾರೆ, ಬಿಪಿ ಇಳಿದದ್ದು ಕಂಡಿದೆ. (ಸೈಂಧವ ಲವಣ ಕೊಂಡು ನೆಮ್ಮದಿಯಾಗಿರುವವರಿಗೊಂದು ಮಾತು: ಬಣ್ಣ ಬೇರೆಯಾದರೂ ಅದೂ ಬಹುತೇಕ ಸೋಡಿಯಂ ಕ್ಲೋರೈಡೇ.)

ತೊಡಕು ಬೆಲೆಯದ್ದು. ಚೀನಾದಲ್ಲೇ ಹೊಸ ಉಪ್ಪಿಗೆ ಕೆಜಿಗೆ 1.62 ಡಾಲರ್ ಆದರೆ ಸಾದಾ ಉಪ್ಪಿಗೆ 1.08 ಇತ್ತು. ನಮ್ಮಲ್ಲೂ ಕಡಿಮೆ ಸೋಡಿಯಂ ಉಪ್ಪು ದುಬಾರಿ, ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಸಿಗುವುದೂ ಅಪರೂಪ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಜೊತೆ ಇದನ್ನೂ ಕೊಡಬಹುದು ಅನ್ನಿಸುತ್ತದೆ. ಆದರೆ ಕಣ್ಣುಮುಚ್ಚಿ ಹಂಚುವಂತಿಲ್ಲ. ಕಿಡ್ನಿ ಸೋತವರ ದೇಹ ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕಲಾರದು, ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಚೀನಾದ ಪ್ರಯೋಗದಲ್ಲಿ ಗಂಭೀರ ಕಿಡ್ನಿ ಕಾಯಿಲೆಯವರನ್ನು ಮೊದಲೇ ಹೊರಗಿಟ್ಟಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿಯೂ ಕಿಡ್ನಿ ತೊಂದರೆಯಿರುವವರನ್ನು, ಗರ್ಭಿಣಿಯರನ್ನು, ಮಕ್ಕಳನ್ನು ಬಿಟ್ಟು ಉಳಿದವರಿಗಷ್ಟೇ ಈ ಉಪ್ಪನ್ನು ಸೂಚಿಸುತ್ತದೆ. ತಮಗೆ ಕಿಡ್ನಿ ಕಾಯಿಲೆ ಇದೆಯೆಂದೇ ಗೊತ್ತಿಲ್ಲದವರು ನಮ್ಮ ಹಳ್ಳಿಗಳಲ್ಲಿ ಕಡಿಮೆಯೇನಿಲ್ಲ. ಆದ್ದರಿಂದ ಉಪ್ಪಿನ ಪ್ಯಾಕೆಟ್ ಮನೆಗೆ ಬರುವ ಮೊದಲು ಬಿಪಿ ನೋಡುವುದರ ಜೊತೆಗೆ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯೂ ಆಗಬೇಕು.