ಕೋರ್ 2 ಡ್ಯುಯೋ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಬಹುದಾ?

ಪ್ರಶ್ನೆ: ನಮ್ಮನೆಯಲ್ಲಿ 2009ರಲ್ಲಿ ತಗೊಂಡ ಕಂಪ್ಯೂಟರ್ ಇದೆ. ಕೋರ್ 2 ಡ್ಯುಯೋ, 4 ಜಿಬಿ ರ‍್ಯಾಮ್. ಈಗ ವಿಂಡೋಸ್ 10 ಇದೆ, ತುಂಬಾ ಸ್ಲೋ. ವಿಂಡೋಸ್ 11 ಹಾಕಲು ಬರುತ್ತಾ? ಹಾಕಿದರೆ ಫಾಸ್ಟ್ ಆಗುತ್ತಾ? (ಕುಮಟಾದ ಓದುಗರು)

ಉತ್ತರ: ಇದೇ ಪ್ರಶ್ನೆ, ಊರು ಮಾತ್ರ ಬೇರೆ. ಹೋದ ವಾರ ಅಂಕೋಲಾದವರು ಕೇಳಿದ್ದರು, ಅದಕ್ಕೂ ಮೊದಲು ಸಿದ್ದಾಪುರದವರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ನಿಂತಿತಲ್ಲ, ಅಂದಿನಿಂದ ಶಿರಸಿಯ ನನ್ನ ರಿಪೇರಿ ಮೇಜಿನ ಮೇಲೆ ಚಹಾ ಲೋಟ ಇಡಲೂ ಜಾಗ ಇಲ್ಲ. ಬಂದದ್ದೆಲ್ಲ ಹಳೆ ಪೆಟ್ಟಿಗೆಗಳೇ.

ಮೊದಲು ಹಾಕಲು ಬರುತ್ತಾ ಎನ್ನುವುದನ್ನು ಮುಗಿಸಿಬಿಡೋಣ. ವಿಂಡೋಸ್ 11ಕ್ಕೆ ಟಿಪಿಎಂ 2.0 (ಸುರಕ್ಷತೆಯ ಚಿಪ್) ಬೇಕು, ಸೆಕ್ಯೂರ್ ಬೂಟ್ (ಆನ್ ಆಗುವಾಗಿನ ಸುರಕ್ಷತಾ ತಪಾಸಣೆ) ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಇವೆಲ್ಲ ಗೇಟಿನಲ್ಲಿ ನಿಂತ ವಾಚ್‌ಮನ್ ಥರ. ರೂಫಸ್ ಎನ್ನುವ ಉಚಿತ ತಂತ್ರಾಂಶದಲ್ಲಿ 8 ಜಿಬಿ ಅಥವಾ ದೊಡ್ಡ ಪೆನ್‌ಡ್ರೈವ್ ತಯಾರು ಮಾಡುವಾಗ ಒಂದು ಟಿಕ್ ಹಾಕಿದರೆ ವಾಚ್‌ಮನ್ ಆಚೆ ಮುಖ ತಿರುಗಿಸುತ್ತಾನೆ. ಮೂರನೇ, ನಾಲ್ಕನೇ ತಲೆಮಾರಿನ ಐ3, ಐ5ಗಳಿಗೆ ನಾನೇ ಹೀಗೆ ಹಾಕಿಕೊಟ್ಟಿದ್ದೇನೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಮಾತ್ರ ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ಪೆನ್‌ಡ್ರೈವ್ ಹಿಡಿದು ಕೂರಬೇಕು.

ಆದರೆ ನಿಮ್ಮದು ಕೋರ್ 2 ಡ್ಯುಯೋ. ಅಲ್ಲಿ ಸಮಸ್ಯೆ ವಾಚ್‌ಮನ್‌ದಲ್ಲ, ಹಲ್ಲಿನದು. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ವಿಂಡೋಸ್ 11ಕ್ಕೆ ಪ್ರೊಸೆಸರ್‌ನಲ್ಲಿ ಪಾಪ್‌ಕೌಂಟ್ ಎನ್ನುವ ಒಂದು ಸೂಚನೆ ಇರಲೇಬೇಕು. ಕಂಪ್ಯೂಟರ್ ಸೊನ್ನೆ, ಒಂದುಗಳಲ್ಲಿ ಬರೆದುಕೊಳ್ಳುವ ಒಂದು ಸಂಖ್ಯೆಯಲ್ಲಿ ಎಷ್ಟು 'ಒಂದು'ಗಳಿವೆ ಎಂದು ಎಣಿಸುವ ಸಣ್ಣ ಕೆಲಸ ಅದು. ಇಂಟೆಲ್‌ನಲ್ಲಿ ಅದು ಬಂದದ್ದು 2008ರ ಕೊನೆಯ ಮೊದಲ ಐ7ನಿಂದ. ಕೋರ್ 2 ಡ್ಯುಯೋದಲ್ಲಿ ಇಲ್ಲ. ಇಲ್ಲದ್ದನ್ನು ಯಾವ ರೂಫಸ್ಸೂ ಹುಟ್ಟಿಸಲಾರದು. ಹಲ್ಲೇ ಇಲ್ಲದವರ ಮುಂದೆ ಕೆಂಪಡಿಕೆ ಇಟ್ಟ ಹಾಗೆ, ಕಂಪ್ಯೂಟರ್ ಬೂಟ್ ಆಗುವುದೇ ಇಲ್ಲ. ಅದಕ್ಕೂ ಹಿಂದಿನ 23ಎಚ್2 ಹಾಕಬಹುದಿತ್ತು, ಆದರೆ ಮನೆಬಳಕೆಯ ಆವೃತ್ತಿಗಳಿಗೆ ಅದರ ಬೆಂಬಲವೂ 2025ರ ನವೆಂಬರ್ 11ಕ್ಕೆ ಮುಗಿಯಿತು. ಹಾಗಾಗಿ ನಿಮಗೆ ಉತ್ತರ: ಬೇಡ.

ಈಗ ಎರಡನೇ ಪ್ರಶ್ನೆ. ನನ್ನ ತಲೆ ತಿನ್ನುವುದು ಇದೇ.

ನಮ್ಮ ಕಡೆ ಹವ್ಯಕರ ಮಾತಲ್ಲಿ ಕೊನೆಗೊಂದು 'ಡ' ಸೇರಿಸುತ್ತಾರೆ. ಯಾರೋ ಹೇಳಿದರಂತೆ ಎನ್ನುವ ಅರ್ಥ. ಅತ್ತೆಯೊಬ್ಬರು ಸಿಪಿಯು ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದು, ಮೇಜಿನ ಮೇಲೆ ಇಳಿಸಿ, "ಮಾಣಿ, ಹೊಸ ವಿಂಡೋಸ್ ಹಾಕಿದ್ರೆ ಫಾಸ್ಟ್ ಆಗ್ತಡ" ಎಂದರು. ಯಾರು ಹೇಳಿದ್ದು ಅತ್ತೆ ಎಂದರೆ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಆ 'ಡ' ಊರೂರು ತಿರುಗುತ್ತಿದೆ. ಎಕ್ಸ್‌ಪಿ ಇದ್ದಾಗ ಸೆವೆನ್ ಹಾಕಿದ್ರೆ ಫಾಸ್ಟ್ ಆಗ್ತಡ. ಸೆವೆನ್ ಇದ್ದಾಗ ಟೆನ್. ಈಗ ಇಲೆವೆನ್.

ಆಗುವುದಿಲ್ಲ. ಹೊಸ ವಿಂಡೋಸ್ ಹಳೆಯದಕ್ಕಿಂತ ಜಾಸ್ತಿ ಕೆಲಸ ಇಟ್ಟುಕೊಂಡೇ ಬರುತ್ತದೆ. ನೀವು ಏನೂ ಮಾಡದೆ ಸುಮ್ನೆ ಕೂತಿದ್ದರೂ ಅದು ಹಿಂದೆ ಅಪ್‌ಡೇಟ್ ಇಳಿಸುತ್ತಿರುತ್ತದೆ, ವೈರಸ್ ಹುಡುಕುತ್ತಿರುತ್ತದೆ, ಫೈಲುಗಳ ಪಟ್ಟಿ ಬರೆದುಕೊಳ್ಳುತ್ತಿರುತ್ತದೆ. ಭಾರ ಹೆಚ್ಚಿಸಿ ಓಡು ಎಂದರೆ ಯಾವ ಎತ್ತು ಓಡುತ್ತದೆ?

"ಹೋದ ಸಲ ಫಾರ್ಮ್ಯಾಟ್ ಹೊಡೆಸಿದಾಗ ಫಾಸ್ಟ್ ಆಗಿತ್ತಲ್ಲ?" ಎನ್ನುತ್ತೀರಿ. ಆಗಿತ್ತು, ಒಂದೆರಡು ತಿಂಗಳು. ಅದು ಹೊಸ ವಿಂಡೋಸ್‌ನ ಮಹಿಮೆ ಅಲ್ಲ. ಕಂಪ್ಯೂಟರ್ ಆನ್ ಆಗುವಾಗಲೇ ಏಳುತ್ತಿದ್ದ ಹತ್ತಾರು ತಂತ್ರಾಂಶಗಳು ಅಳಿಸಿಹೋಗಿದ್ದವು, ಡಿಸ್ಕ್ ಖಾಲಿಯಾಗಿತ್ತು. ಅದೇ ಹಳೆ ವಿಂಡೋಸನ್ನು ಮತ್ತೆ ಹಾಕಿದ್ದರೂ ಹಾಗೇ ಆಗುತ್ತಿತ್ತು. ಡೆಸ್ಕ್‌ಟಾಪ್ ಮೇಲಿದ್ದ ಮದುವೆ ಫೋಟೋಗಳು ಹೋದದ್ದೂ ಆ ಫಾರ್ಮ್ಯಾಟ್‌ನಲ್ಲೇ, ಅಲ್ವಾ? ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಎಷ್ಟು ಸಲ ಹೇಳಿದ್ದೇನೋ.

ಹಾಗಾದರೆ ಸ್ಲೋ ಯಾಕೆ? ನನ್ನ ಮಾತು ನಂಬಬೇಡಿ, ನಿಮ್ಮ ಕಂಪ್ಯೂಟರನ್ನೇ ಕೇಳಿ. ಆನ್ ಮಾಡಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಮೇಲ್ಗಡೆ ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲಾಗಿ ಇರುತ್ತದೆ. ಅತ್ತೆಯ ಕಂಪ್ಯೂಟರ್‌ನಲ್ಲಿ ಸಿಪಿಯು 15%, ಡಿಸ್ಕ್ 100%. ಐದು ನಿಮಿಷ ಕಾದರೂ ಆ ನೂರು ಇಳಿಯಲಿಲ್ಲ. ನಿಮ್ಮಲ್ಲೂ ಹೆಚ್ಚುಕಡಿಮೆ ಅದೇ ಕಾಣುತ್ತದೆ ನೋಡಿ.

ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇದೆ, ಅದರ ಮೇಲೆ ಅತ್ತಿತ್ತ ಓಡಾಡುವ ಒಂದು ಮುಳ್ಳಿದೆ. ಬೇರೆ ಬೇರೆ ಜಾಗದಲ್ಲಿರುವ ಚೂರುಗಳನ್ನು ಓದಬೇಕಾದರೆ ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಸಾಧ್ಯ. ಹಾರ್ಡ್ ಡಿಸ್ಕ್ ಬದಲು ಹಾಕುವ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಅದು ಹತ್ತಾರು ಸಾವಿರ ಓದುತ್ತದೆ. ಕೊನೆಕೊಯ್ಲಿನ ಸಮಯದಲ್ಲಿ ರಾತ್ರಿ ಅಡಿಕೆ ಸುಲಿಯಲು ಹತ್ತು ಜನ ಮೆಟ್ಟುಗತ್ತಿ ಮುಂದೆ ಕೂತಿದ್ದಾರೆ ಅಂದುಕೊಳ್ಳಿ. ಅಂಗಳದಿಂದ ಅಡಿಕೆ ತರಲು ಒಬ್ಬನೇ ಅಜ್ಜ, ಅದೂ ಒಂದೊಂದೇ ಕಾಯಿ ತರುತ್ತಾನೆ. ಆಗ ಸುಲಿಯುವವರನ್ನು ಬದಲಾಯಿಸಿದರೆ ಕೆಲಸ ಬೇಗ ಮುಗಿಯುತ್ತದಾ? ಹೊಸ ವಿಂಡೋಸ್ ಹಾಕುವುದು ಎಂದರೆ ಆ ಅಜ್ಜನಿಗೆ ಇನ್ನೂ ಹತ್ತು ಮನೆಯ ಅಡಿಕೆ ಹೊರಿಸಿದ ಹಾಗೆ.

ಅತ್ತೆಯ ಡಬ್ಬಿಗೆ ಒಂದು 240 ಜಿಬಿ ಎಸ್‌ಎಸ್‌ಡಿ ಹಾಕಿದೆ. ಅಷ್ಟು ಹಳೆಯ ಬೋರ್ಡ್‌ನಲ್ಲೂ ಡಿಸ್ಕ್ ಜೋಡಿಸುವ ಸಾಟಾ ಪೋರ್ಟ್ ಇರುತ್ತದೆ, ಅದೇ ಕೇಬಲ್ ನಡೆಯುತ್ತದೆ. ಮೊದಲು ಗುಂಡಿ ಒತ್ತಿ ನಾಲ್ಕು ನಿಮಿಷ ಕಾಯಬೇಕಿತ್ತು. ಈಗ ನಲವತ್ತು ಸೆಕೆಂಡ್. ಪ್ರೊಸೆಸರ್ ಅದೇ, ರ‍್ಯಾಮ್ ಅದೇ. ಅತ್ತೆಗೆ ಮಾತ್ರ ನಾನು ಗುಟ್ಟಾಗಿ ಹೊಸ ವಿಂಡೋಸ್ ಹಾಕಿದ್ದೇನೆ ಎಂಬ ಅನುಮಾನ ಇನ್ನೂ ಇದೆ.

ಸುರಕ್ಷತೆಯ ಮಾತಿಗೆ ಬಂದರೆ ನಿಮಗೆ ಎರಡು ದಾರಿ. ವಿಂಡೋಸ್ 10ರಲ್ಲೇ ಇದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ಕೊಡಬಹುದು. ಅದಕ್ಕೆ 2026ರ ಅಕ್ಟೋಬರ್ 13ರವರೆಗೆ ಅವಧಿ ಇದೆ. ಇಲ್ಲವಾದರೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್‌ನ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಹಾಕಿಕೊಳ್ಳಿ. 4 ಜಿಬಿ ರ‍್ಯಾಮ್ ಅದಕ್ಕೆ ಸಾಕು, ಕನ್ನಡವೂ ಟೈಪ್ ಆಗುತ್ತದೆ. ಪೆನ್‌ಡ್ರೈವ್‌ನಿಂದಲೇ ನಡೆಸಿ, ಪ್ರಿಂಟರ್ ಕೆಲಸ ಮಾಡುತ್ತಾ ನೋಡಿಕೊಂಡು ಆಮೇಲೆ ಹಾಕಿ.

ಇಷ್ಟು ಬರೆದ ಮೇಲೆ ನೀವು ಕೇಳದ ಒಂದು ವಿಷಯ. ಹಳೆ ಕಂಪ್ಯೂಟರ್‌ನಲ್ಲಿ ಯಾವ ವೆಬ್‌ಸೈಟ್ ತೆರೆದರೂ 'ಸಂಪರ್ಕ ಸುರಕ್ಷಿತವಲ್ಲ' ಎಂದು ಬರುತ್ತದೆ, ವೈರಸ್ ಇರಬೇಕು, ಹೊಸ ವಿಂಡೋಸ್ ಹಾಕಿ ಎಂದು ಎಷ್ಟೋ ಜನ ತರುತ್ತಾರೆ. ಮೂಲೆಯಲ್ಲಿರುವ ತಾರೀಖು ನೋಡಿದ್ದೀರಾ? ಅದು 2009ರ ಜನವರಿ 1 ತೋರಿಸುತ್ತಿದ್ದರೆ ಒಳಗಿನ ಬಿಲ್ಲೆ ಸೆಲ್ ಮುಗಿದಿದೆ, ಅಷ್ಟೇ. ವೆಬ್‌ಸೈಟಿನ ಪ್ರಮಾಣಪತ್ರ ಆ ತಾರೀಖಿಗೆ ಇನ್ನೂ ಹುಟ್ಟೇ ಇಲ್ಲ, ಬ್ರೌಸರ್ ಒಪ್ಪುವುದು ಹೇಗೆ? ಸೆಲ್‌ನ ನಂಬರ್ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕುಮಟಾ, ಕಾರವಾರದ ಉಪ್ಪು ಗಾಳಿಗೆ ಸೆಲ್ ಕೂರುವ ತಗಡಿಗೆ ಕೆಲವೊಮ್ಮೆ ಕಿಲುಬು ಹಿಡಿದಿರುತ್ತದೆ. ವಿದ್ಯುತ್ ವೈರ್ ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ. ಮಳೆಗಾಲದಲ್ಲಿ ಆನ್ ಮಾಡಿದ ಕೂಡಲೇ ಬೀಪ್ ಬೀಪ್ ಎಂದು ನಿಂತುಹೋಗುವುದೂ ಹಲವು ಸಲ ಇದೇ ಥರದ್ದು. ರ‍್ಯಾಮ್ ತೆಗೆದು, ಅದರ ಹೊಂಬಣ್ಣದ ಅಂಚನ್ನು ಮಕ್ಕಳ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಸೆಲ್ ಹಾಕುವಾಗ ಪ್ಲಸ್ ಗುರುತು ಮೇಲಿರಲಿ.